ಅಪರೂಪದ ಕೋರಿಡೋರಸ್ ಸಾಕಣೆ: ಮೊದಲು ನದಿ, ಆಮೇಲೆ ಟ್ಯಾಂಕ್

ಕೋರಿಡೋರಸ್ (ಸಾಕುವವರ ಬಾಯಲ್ಲಿ ಕೋರಿ) ಎಂಬ ಪುಟ್ಟ ಮೀಸೆಮೀನನ್ನು ಮನೆಗೆ ತರುವವರಲ್ಲಿ ಹೆಚ್ಚಿನವರು ಅದನ್ನು ತಳಕ್ಕೆ ಬಿದ್ದ ಕಸ ತಿಂದು ಟ್ಯಾಂಕನ್ನು ಸ್ವಚ್ಛವಾಗಿಡುವ ಮೀನೆಂದು ನಂಬಿ ತರುತ್ತಾರೆ. ಈ ನಂಬಿಕೆ ತಪ್ಪಾದರೂ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಬ್ರಾಂಜ್, ಪೆಪ್ಪರ್ಡ್ ಮತ್ತು ಆಲ್ಬಿನೊ ಕೋರಿಗಳು ಅದನ್ನು ಹೇಗೋ ಸಹಿಸಿಕೊಂಡು ಬದುಕುತ್ತವೆ. ಏಕೆಂದರೆ ಅವು ಹಲವು ತಲೆಮಾರುಗಳಿಂದ ಫಾರಂಗಳಲ್ಲಿಯೇ ಹುಟ್ಟಿ ಬೆಳೆದು ಬೋರ್‌ವೆಲ್ ನೀರಿಗೂ ಒಗ್ಗಿಹೋಗಿವೆ. ಅಡಾಲ್ಫೊಯ್, ವೈಟ್ಜ್‌ಮನಿ, ಡುಪ್ಲಿಕೇರಿಯಸ್ ಮುಂತಾದ ಅಪರೂಪದ ಜಾತಿಗಳ ವಿಷಯ ಹಾಗಲ್ಲ. ಅವುಗಳಲ್ಲಿ ಅನೇಕವು ನೇರವಾಗಿ ನದಿಯಿಂದ ಹಿಡಿದು ತಂದವು, ಇಲ್ಲವೆ ನದಿ ಬಿಟ್ಟು ಒಂದೆರಡು ತಲೆಮಾರು ಮಾತ್ರ ಕಳೆದವು. ಆದ್ದರಿಂದ ಇಂಥ ಮೀನನ್ನು ಕೊಳ್ಳುವ ಮುನ್ನ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾವ ನದಿಯ ಮೀನು?

ಈ ಕುಲಕ್ಕೆ 1803ರಲ್ಲಿ ಹೆಸರಿಟ್ಟವನು ಫ್ರೆಂಚ್ ನಿಸರ್ಗವಿಜ್ಞಾನಿ ಲಾಸೆಪೇದ್. ಗ್ರೀಕ್ ಮೂಲದ ಆ ಹೆಸರು ಶಿರಸ್ತ್ರಾಣವನ್ನೂ ಚರ್ಮವನ್ನೂ ಸೂಚಿಸುತ್ತದೆ. ಈ ಮೀನಿನ ಎರಡೂ ಪಕ್ಕಗಳಲ್ಲಿ ಹುರುಪೆಗಳ ಬದಲು ಹೆಂಚು ಹೊದಿಸಿದಂತೆ ಎರಡು ಸಾಲು ಮೂಳೆಯ ಫಲಕಗಳಿರುವುದನ್ನು ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಇವೆಲ್ಲವೂ ದಕ್ಷಿಣ ಅಮೆರಿಕದವು. ಆದರೆ ದಕ್ಷಿಣ ಅಮೆರಿಕ ಎಂದಷ್ಟೇ ಹೇಳಿದರೆ ಸಾಕುವವನಿಗೆ ಏನನ್ನೂ ಹೇಳಿದಂತಾಗುವುದಿಲ್ಲ. ಒಂದೇ ಅಮೆಜಾನ್ ಜಲಾನಯನದೊಳಗೆ ಚಹಾದ ಬಣ್ಣದ ಕಪ್ಪುನೀರಿನ ನದಿಗಳೂ, ಆಂಡೀಸ್ ಪರ್ವತದ ಮಣ್ಣನ್ನು ಹೊತ್ತು ತರುವ ಕದಡಿದ ಬಿಳಿನೀರಿನ ನದಿಗಳೂ, ತಳ ಕಾಣುವಷ್ಟು ತಿಳಿಯಾದ ನದಿಗಳೂ ಇವೆ. ಜರ್ಮನಿಯ ಜಲವಿಜ್ಞಾನಿ ಹರಾಲ್ಡ್ ಸಿಯೋಲಿ ಮಾಡಿದ ಈ ಮೂರು ಬಗೆಯ ವಿಂಗಡಣೆ ವಿಜ್ಞಾನಿಗಳಿಗಿಂತಲೂ ಹೆಚ್ಚಾಗಿ ನಮ್ಮಂಥ ಮೀನು ಸಾಕುವವರಿಗೇ ಉಪಯುಕ್ತವೆಂದು ನನ್ನ ಅಭಿಪ್ರಾಯ.

ಕಪ್ಪುನೀರಿನ ಮೀನುಗಳು

ಬ್ರೆಜಿಲ್ಲಿನ ವಾಯವ್ಯ ಮೂಲೆಯಲ್ಲಿ, ಸಾವೊ ಗೇಬ್ರಿಯೆಲ್ ದ ಕಶೊಯೆರಾ ಪಟ್ಟಣದ ಸುತ್ತಲಿನ ಮೇಲ್ ರಿಯೊ ನೀಗ್ರೊ ಪ್ರದೇಶವು ಅಡಾಲ್ಫೊಯ್ ಕೋರಿಯ ತವರು. 1982ರಲ್ಲಿ ವಿವರಿಸಲಾದ ಈ ಮೀನಿನ ತಿಳಿಬಣ್ಣದ ಮೈಯ ಮೇಲೆ ಬೆನ್ನುದ್ದಕ್ಕೂ ಒಂದು ಕಪ್ಪು ಪಟ್ಟಿ, ಕಣ್ಣಿಗೆ ಅಡ್ಡಲಾಗಿ ಇನ್ನೊಂದು ಪಟ್ಟಿ, ಇವೆರಡರ ನಡುವೆ ತಲೆಯ ಹಿಂಬದಿಯಲ್ಲಿ ಕೆಂಡದಂಥ ಕಿತ್ತಳೆ ಬಣ್ಣದ ಮಚ್ಚೆ ಇರುತ್ತದೆ. 1995ರಲ್ಲಿ ಹೆಸರು ಪಡೆದ ಡುಪ್ಲಿಕೇರಿಯಸ್ ಕೂಡ ಅದೇ ಮೇಲ್ ನೀಗ್ರೊ ಪ್ರದೇಶದ್ದು. ಅದರ ಬೆನ್ನಿನ ಕಪ್ಪು ಪಟ್ಟಿ ಮಾತ್ರ ಹೆಚ್ಚು ಅಗಲ. ಇದೇ ವೇಷ ತೊಟ್ಟ ಮೂರನೆಯ ಮೀನು ಇಮಿಟೇಟರ್. ಅದರ ಮೂತಿ ಉದ್ದ.

ಮೂರು ಮೀನುಗಳಿಗೆ ಒಂದೇ ವೇಷ ಬಂದದ್ದು ಆಕಸ್ಮಿಕವಲ್ಲ. ಕೋರಿಗಳ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳುಗಳಿವೆ, ಮುಳ್ಳಿನ ಬುಡದ ಬಳಿ ವಿಷಗ್ರಂಥಿಗಳಿವೆ. ಒಮ್ಮೆ ಚುಚ್ಚಿಸಿಕೊಂಡ ಬೇಟೆಗಾರ ಮೀನು ಆ ಬಣ್ಣವನ್ನು ನೆನಪಿಟ್ಟುಕೊಂಡರೆ ಅದೇ ಬಣ್ಣದ ಎಲ್ಲ ಜಾತಿಗಳಿಗೂ ರಕ್ಷಣೆ ದೊರೆಯುತ್ತದೆ. 2011ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಹೀಗೆ ಒಂದೇ ಬಣ್ಣ ಹಂಚಿಕೊಂಡು ಒಟ್ಟಿಗೆ ಬದುಕುವ ಜಾತಿಗಳು ಸಾಮಾನ್ಯವಾಗಿ ಬೇರೆ ಬೇರೆ ವಂಶಶಾಖೆಗಳಿಗೆ ಸೇರಿದವು ಮತ್ತು ಮೂತಿಯ ಉದ್ದದಲ್ಲಿ ವ್ಯತ್ಯಾಸವಿರುವುದರಿಂದ ಆಹಾರಕ್ಕಾಗಿ ಪರಸ್ಪರ ಪೈಪೋಟಿ ನಡೆಸುವುದು ಕಡಿಮೆ ಎಂದು ತೋರಿಸಿತು. ಕೊಳ್ಳುವವರಿಗೆ ಇದರಿಂದ ಸಿಗುವ ಪಾಠವೆಂದರೆ ಬಣ್ಣವನ್ನು ನೋಡಿ ಜಾತಿಯನ್ನು ನಿರ್ಧರಿಸಬಾರದು. ಮೂತಿಯನ್ನು ಪಕ್ಕದಿಂದ ನೋಡಬೇಕು, ಪಟ್ಟಿಯ ಅಗಲವನ್ನು ಮೇಲಿನಿಂದ ನೋಡಬೇಕು.

ರಿಯೊ ನೀಗ್ರೊದ ನೀರಿನಲ್ಲಿ ಕರಗಿದ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಬಿಳಿ ಮರಳಿನ ನೆಲದ ಮೇಲೆ ಕೊಳೆತ ಎಲೆಗಳ ಸತ್ವ ಇಳಿದು ಬಂದ ಆ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 4ರಿಂದ 5ರ ಆಸುಪಾಸಿನಲ್ಲಿರುತ್ತದೆ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಹಲವು ನೂರು ಇರುವುದು ಸಾಮಾನ್ಯ. ಅದರಲ್ಲಿ ಅಡಾಲ್ಫೊಯ್ ಇಡುವುದು ಸಿಹಿನೀರು ಕುಡಿದು ಬೆಳೆದವನಿಗೆ ಉಪ್ಪುನೀರು ಕೊಟ್ಟಂತೆ. ಆರ್‌ಓ ನೀರನ್ನು ಮೂಲವಾಗಿಟ್ಟುಕೊಂಡು, ಅದಕ್ಕೆ ಸ್ವಲ್ಪವೇ ನಲ್ಲಿನೀರು ಬೆರೆಸಿ ಟಿಡಿಎಸ್ ಅನ್ನು 50ರ ಹತ್ತಿರಕ್ಕೂ ಪಿಎಚ್ ಅನ್ನು 5.5ರಿಂದ 6.5ರ ನಡುವಿಗೂ ತಂದರೆ ಸಾಕಾಗುತ್ತದೆ. ನದಿಯ ಪಿಎಚ್ 4.5 ಇದೆಯೆಂದು ಟ್ಯಾಂಕನ್ನೂ ಅಲ್ಲಿಗೇ ಇಳಿಸುವ ಹಟ ಬೇಡ, ಏಕೆಂದರೆ ನೀರು ಅಷ್ಟು ಆಮ್ಲೀಯವಾದಾಗ ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನಿವಾರಿಸುವ ಫಿಲ್ಟರ್‌ನ ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತವಾಗುತ್ತದೆ. ಆಗ ಟ್ಯಾಂಕಿನಲ್ಲಿ ಸೇರುವ ಅಮೋನಿಯಾ ಹೆಚ್ಚು ಹಾನಿಯಿಲ್ಲದ ಅಮೋನಿಯಂ ರೂಪದಲ್ಲಿ ಸುಮ್ಮನಿರುತ್ತದೆ. ಒಂದು ದಿನ ನೀವು ಗಡಸು ನೀರನ್ನು ಏಕಾಏಕಿ ಸುರಿದರೆ ಪಿಎಚ್ ಏರಿ ಅದೆಲ್ಲ ಮತ್ತೆ ವಿಷವಾಗುತ್ತದೆ. ನೀರು ಬದಲಿಸಿದ ಮಾರನೆಯ ಬೆಳಗ್ಗೆ ಮೀನುಗಳು ಸತ್ತುಬಿದ್ದಿದ್ದವೆಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣವಿರುತ್ತದೆ.

ನೀರಿಗೆ ಚಹಾದ ಬಣ್ಣ ಬರಲು ಕಾಡುಬಾದಾಮಿ ಎಲೆಯೇ ಸಾಕು. ಬೆಂಗಳೂರಿನ ಬೀದಿಗಳಲ್ಲೂ ಕರಾವಳಿಯ ಅಂಗಳಗಳಲ್ಲೂ ಧಾರಾಳವಾಗಿ ಉದುರುವ ಈ ಎಲೆಗಳನ್ನು ಪ್ಯಾಕೆಟ್ಟಿನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಅಗತ್ಯವಿಲ್ಲ. ತಾನಾಗಿ ಉದುರಿ ಕಂದುಬಣ್ಣಕ್ಕೆ ತಿರುಗಿದ ಎಲೆಗಳನ್ನು ವಾಹನದ ಹೊಗೆಯೂ ಔಷಧದ ಸಿಂಪಡಣೆಯೂ ಇಲ್ಲದ ಜಾಗದಿಂದ ಆರಿಸಿ, ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಬಳಸಬಹುದು.

ತಿಳಿನೀರು, ತಣ್ಣೀರು

ಬೇಸಿಗೆ ತೀವ್ರವಾಗಿರುವ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆಯವರು ಕೋರಿ ಸಾಕಬೇಕೆಂದರೆ ನಾನು ಮೊದಲು ಹೇಳುವ ಹೆಸರು ಸ್ಟರ್ಬಾಯ್. ಬ್ರೆಜಿಲ್ ಮತ್ತು ಬೊಲಿವಿಯಗಳ ಗಡಿಯಾಗಿ ಹರಿಯುವ ಗ್ವಾಪೊರೆ ನದಿಯ ತಿಳಿನೀರಿನ ಮೀನು ಇದು. ಬೊಲಿವಿಯದವರು ಅದೇ ನದಿಯನ್ನು ಇತೆನೆಸ್ ಎನ್ನುತ್ತಾರೆ. 1962ರಲ್ಲಿ ಜರ್ಮನಿಯ ಕ್ನಾಕ್ ಇದನ್ನು ವಿವರಿಸಿ ಪ್ರಾಣಿಶಾಸ್ತ್ರಜ್ಞ ಗುಂಟರ್ ಸ್ಟರ್ಬಾ ಅವರ ಹೆಸರನ್ನಿಟ್ಟರು. 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತವಾದ ಉಷ್ಣತೆ. ಹೆಚ್ಚಿನ ಕೋರಿಗಳು ಬಳಲುವ ಬಿಸಿಯನ್ನು ಇದು ತಾಳಿಕೊಳ್ಳುತ್ತದೆ. ಇದರ ಜೊತೆ ಗೊಂದಲವಾಗುವ ಹರಾಲ್ಡ್‌ಶುಲ್ಟ್ಸಿಯನ್ನು ತಲೆ ನೋಡಿ ಬೇರ್ಪಡಿಸಬೇಕು: ಸ್ಟರ್ಬಾಯ್ ತಲೆಯಲ್ಲಿ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳು, ಹರಾಲ್ಡ್‌ಶುಲ್ಟ್ಸಿಯಲ್ಲಿ ಬಿಳುಪಿನ ಮೇಲೆ ಕಪ್ಪು ಚುಕ್ಕೆಗಳು.

ಪೆರು ದೇಶದ ಆಂಡೀಸ್ ತಪ್ಪಲಿನ ಮೀನುಗಳು ಇದಕ್ಕೆ ಪೂರ್ತಿ ವಿರುದ್ಧ. ಉಕಯಾಲಿ ಜಲಾನಯನದ ಪಾಂಡಾ ಕೋರಿ ಈಗ ಅಪರೂಪವೇನಲ್ಲವಾದರೂ ಅದರ ಸಂಬಂಧಿಯಾದ ವೈಟ್ಜ್‌ಮನಿ ನಿಜಕ್ಕೂ ಅಪರೂಪ. ಕುಸ್ಕೊ ಪ್ರಾಂತದಿಂದ 1971ರಲ್ಲಿ ವಿವರಿಸಲಾದ, ಬೆನ್ನ ಮೇಲೆ ಎರಡು ಕಪ್ಪು ಮಚ್ಚೆಗಳ ಈ ಮೀನು 2000ದ ದಶಕದವರೆಗೆ ಹವ್ಯಾಸಿಗಳ ಪಾಲಿಗೆ ಸಂಗ್ರಹಾಲಯದ ಸೀಸೆಯೊಳಗಿನ ಮೀನಾಗಿಯೇ ಉಳಿದಿತ್ತು. ಜೀವಂತ ಮೀನುಗಳು ಮಾರುಕಟ್ಟೆಗೆ ಬಂದದ್ದು ಆಮೇಲೆ. ಬೆಟ್ಟದಿಂದಿಳಿಯುವ ಹರಿವಿನ ಈ ಮೀನುಗಳಿಗೆ 21ರಿಂದ 25 ಡಿಗ್ರಿಯ ನೀರು, ಹೆಚ್ಚು ಆಮ್ಲಜನಕ ಮತ್ತು ಮಂದವಾದರೂ ನಿರಂತರವಾದ ಹರಿವು ಬೇಕು. ಬೆಂಗಳೂರಿನಲ್ಲೂ ಮಡಿಕೇರಿಯಲ್ಲೂ ವರ್ಷದ ಬಹುಪಾಲು ಇದು ಸಾಧ್ಯ. ಆದರೆ ಏಪ್ರಿಲ್ ತಿಂಗಳಿಗೆಂದು ನೀರಿನ ಮೇಲ್ಮೈಗೆ ಗಾಳಿ ಬೀಸುವ ಫ್ಯಾನ್ ಒಂದನ್ನಾದರೂ ಸಿದ್ಧವಾಗಿಡಬೇಕು. ಮಂಗಳೂರಿನಲ್ಲಿ ಚಿಲ್ಲರ್ (ನೀರನ್ನು ತಂಪಾಗಿಸುವ ಯಂತ್ರ) ಇಲ್ಲದೆ ಇವನ್ನು ಸಾಕುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಅಮೆಜಾನಿಗೆ ಸಂಬಂಧವೇ ಇಲ್ಲದ ಕೋರಿ ಬಳಗವೂ ಒಂದಿದೆ. ಬ್ರೆಜಿಲ್ಲಿನ ಅಟ್ಲಾಂಟಿಕ್ ಕರಾವಳಿಯಲ್ಲಿ, ನಮ್ಮ ಸಹ್ಯಾದ್ರಿಯಂತೆ ಕಡಲಿಗೆ ಒತ್ತಿಕೊಂಡು ನಿಂತ ಸೆರ್ರಾ ದೊ ಮಾರ್ ಬೆಟ್ಟಸಾಲಿನಿಂದ ಇಳಿಯುವ ತಂಪಾದ ಹೊಳೆಗಳಲ್ಲಿ ಬಾರ್ಬಾಟಸ್ ವಾಸಿಸುತ್ತದೆ. ಗಂಡಿನ ಕೆನ್ನೆಯಲ್ಲಿ ಗಡ್ಡದಂಥ ಬಿರುಗೂದಲುಗಳಿರುವುದರಿಂದಲೇ ಆ ಹೆಸರು. ಇದೂ ತಣ್ಣೀರಿನ ಮೀನೇ.

ಹೆಸರುಗಳ ಗೋಜಲು

ಇನ್ನೂ ವೈಜ್ಞಾನಿಕ ಹೆಸರು ಪಡೆಯದ ಕೋರಿಗಳನ್ನು ಸಂಖ್ಯೆಯಿಂದ ಗುರುತಿಸುತ್ತಾರೆ. ಜರ್ಮನಿಯ ಡಾಟ್ಸ್ ಪತ್ರಿಕೆ 1993ರಲ್ಲಿ ಆರಂಭಿಸಿದ ಸಿ ಸಂಖ್ಯೆಗಳೂ, ಆಮೇಲೆ ಬಂದ ಸಿಡಬ್ಲ್ಯೂ ಸಂಖ್ಯೆಗಳೂ ಈಗ ಬಳಕೆಯಲ್ಲಿವೆ. ಪೆರುವಿನ ಗ್ರೀನ್ ಲೇಸರ್ ಎಂಬ ಕೋರಿಯ ಸಂಖ್ಯೆ ಸಿಡಬ್ಲ್ಯೂ 009. 2024ರಲ್ಲಿ ಈ ಗುಂಪಿನ ದೊಡ್ಡ ಪರಿಷ್ಕರಣೆಯೊಂದು ಪ್ರಕಟವಾಗಿ ಹಳೆಯ ಕೋರಿಡೋರಸ್ ಕುಲ ಹಲವು ಕುಲಗಳಾಗಿ ಒಡೆಯಿತು. ಅದರಂತೆ ಪಾಂಡಾ ಮತ್ತು ಅಡಾಲ್ಫೊಯ್ ಈಗ ಹೊಪ್ಲಿಸೋಮ ಕುಲಕ್ಕೆ ಸೇರುತ್ತವೆ. ಅಂಗಡಿಯ ಪಟ್ಟಿಯಲ್ಲಿ ಹೊಸ ಹೆಸರು ಕಂಡರೆ ಹೊಸ ಮೀನೆಂದು ಭ್ರಮಿಸಿ ಹೆಚ್ಚು ಬೆಲೆ ಕೊಡಬೇಡಿ.

ತಳ, ಗುಂಪು, ಆಹಾರ

ಕೋರಿ ತನ್ನ ಮೂತಿಯನ್ನು ಕಣ್ಣಿನವರೆಗೂ ಮರಳಿನಲ್ಲಿ ಹೂತು, ಬಾಯಿಗೆ ಬಂದ ಮರಳನ್ನು ಕಿವಿರುಗಳ ಮೂಲಕ ಹೊರಚೆಲ್ಲುತ್ತ ಹುಳುಗಳನ್ನು ಹುಡುಕುತ್ತದೆ. ಜಲ್ಲಿ ಹಾಸಿದ ಟ್ಯಾಂಕಿನಲ್ಲಿ ಈ ಕೆಲಸ ಅದಕ್ಕೆ ಸಾಧ್ಯವಿಲ್ಲ. ಮರಳು ನುಣ್ಣಗಿರಬೇಕು, ಕಣಗಳ ಅಂಚು ಉರುಟಾಗಿರಬೇಕು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕಲ್ಲನ್ನು ಪುಡಿಮಾಡಿ ತಯಾರಿಸಿದ್ದು, ಅದರ ಅಂಚುಗಳು ಚೂಪು; ಅದನ್ನು ಎಂದಿಗೂ ಹಾಕಬೇಡಿ. ಕಡಲ ಮರಳಿನಲ್ಲಿ ಚಿಪ್ಪಿನ ಚೂರುಗಳಿದ್ದು ನೀರನ್ನು ಗಡಸಾಗಿಸುತ್ತವೆ. ಯಾವ ಮರಳಿನ ಬಗೆಗಾದರೂ ಅನುಮಾನವಿದ್ದರೆ ಒಂದು ಚಿಟಿಕೆಗೆ ವಿನೆಗರ್ ಹಾಕಿ ನೋಡಿ, ಗುಳ್ಳೆ ಎದ್ದರೆ ಬಿಟ್ಟುಬಿಡಿ. ಮೀಸೆಗಳು ಸವೆಯುವುದಕ್ಕೆ ಚೂಪು ಮರಳಿನಷ್ಟೇ ಕೊಳೆತ ಆಹಾರ ಸೇರಿದ ತಳವೂ ಕಾರಣವಾಗುತ್ತದೆ. ಮೇಲ್ಪದರವನ್ನು ವಾರಕ್ಕೊಮ್ಮೆ ಕೆದಕಿ ಕಸವನ್ನು ಹೀರಿ ತೆಗೆಯಬೇಕು.

ಒಂದೇ ಜಾತಿಯ ಕನಿಷ್ಠ ಆರು ಮೀನುಗಳನ್ನು ಮೂರು ಅಡಿ ಉದ್ದದ ಟ್ಯಾಂಕಿನಲ್ಲಿಡಿ. ದುಬಾರಿ ಮೀನೆಂದು ಎರಡನ್ನೇ ತಂದರೆ ಅವು ಮೂಲೆ ಸೇರಿ ಹೊರಗೇ ಬರುವುದಿಲ್ಲ. ಮೀನು ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗುವುದು ಸಹಜ, ಏಕೆಂದರೆ ಅದರ ಕರುಳಿನ ಹಿಂಭಾಗ ಗಾಳಿಯಿಂದ ಆಮ್ಲಜನಕ ಹೀರಬಲ್ಲದು. ಆದರೆ ಎಲ್ಲವೂ ಬಿಡುವಿಲ್ಲದೆ ಹಾಗೆ ಮಾಡುತ್ತಿದ್ದರೆ ನೀರು ಕೆಟ್ಟಿದೆಯೆಂದು ತಿಳಿಯಬೇಕು. ಮುಳುಗುವ ಪೆಲೆಟ್ ಮತ್ತು ಫ್ರೋಜನ್ ಬ್ಲಡ್‌ವರ್ಮ್‌ಗಳನ್ನು ದೀಪ ಆರಿಸಿದ ಮೇಲೆ ಹಾಕಿದರೆ ಇತರ ಮೀನುಗಳ ಕಾಟವಿಲ್ಲದೆ ತಿನ್ನುತ್ತವೆ. ಚರಂಡಿಯಿಂದ ತೆಗೆದ ಜೀವಂತ ಟ್ಯೂಬಿಫೆಕ್ಸ್ ಹುಳು ರೋಗ ತರುತ್ತದೆ.

ನದಿಯಿಂದ ಹಿಡಿದು ತಂದ ಮೀನನ್ನು ಮೂರು ನಾಲ್ಕು ವಾರ ಪ್ರತ್ಯೇಕವಾಗಿಡಿ. ಹೊಟ್ಟೆ ಒಳಗೆ ಕುಸಿದಿದ್ದರೆ ಹುಳುವಿನ ಅನುಮಾನ ಪಡಬೇಕು. ಬಲೆಯಲ್ಲಿ ಹಿಡಿದರೆ ಮುಳ್ಳುಗಳು ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ಡಬ್ಬಿಯಲ್ಲಿ ಎತ್ತುವುದು ಲೇಸು. ಬೆದರಿದ ಕೋರಿಗಳು ಇಕ್ಕಟ್ಟಾದ ಚೀಲದಲ್ಲಿ ತಮ್ಮದೇ ವಿಷದಿಂದ ಸಾಯುವುದುಂಟು. ಚೀಲದ ನೀರಿನಲ್ಲಿ ನೊರೆ ಕಂಡರೆ ತಡಮಾಡದೆ ಹೊಸ ನೀರಿಗೆ ವರ್ಗಾಯಿಸಿ, ಚೀಲದ ನೀರನ್ನು ಟ್ಯಾಂಕಿಗೆ ಸೇರಿಸದೆ ಚೆಲ್ಲಿಬಿಡಿ.

ಮಳೆಗಾಲವನ್ನು ಕರೆಸುವುದು

ಇವು ತವರಿನಲ್ಲಿ ಮೊಟ್ಟೆಯಿಡುವುದು ಮಳೆ ಬಂದು ಹೊಳೆ ಏರುವಾಗ. ಟ್ಯಾಂಕಿನಲ್ಲಿ ಅದನ್ನು ಅನುಕರಿಸಲು ಎರಡು ಮೂರು ವಾರ ನೀರನ್ನು ಕಡಿಮೆ ಬದಲಿಸಿ, ಚೆನ್ನಾಗಿ ತಿನ್ನಿಸಿ, ಆಮೇಲೆ ಮೂರು ನಾಲ್ಕು ಡಿಗ್ರಿ ತಣ್ಣಗಿರುವ ಮೃದು ನೀರಿನಿಂದ ಅರ್ಧದಷ್ಟನ್ನು ಬದಲಿಸಬೇಕು. ಒಂದೇ ಸಲಕ್ಕೆ ಫಲ ಸಿಗದಿದ್ದರೆ ಒಂದೆರಡು ದಿನ ಬಿಟ್ಟು ಪುನಃ ಮಾಡಬೇಕು. ಹೊರಗೆ ನಿಜವಾದ ಮುಂಗಾರಿನ ಮೋಡ ಕವಿದ ವಾರವನ್ನೇ ಇದಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು.

ಹೆಣ್ಣು ಗಂಡಿನ ಪಕ್ಕೆಗೆ ಬಾಯಿ ಒತ್ತಿ ಟಿ ಅಕ್ಷರದಂತೆ ನಿಂತು, ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಕೂಡಿಸಿ ಕೆಲವು ಮೊಟ್ಟೆಗಳನ್ನು ಹಿಡಿಯುತ್ತದೆ. ಬ್ರಾಂಜ್ ಕೋರಿಯಲ್ಲಿ ಹೆಣ್ಣು ವೀರ್ಯವನ್ನು ಕುಡಿದು, ಅದು ಕರುಳಿನ ಮೂಲಕ ಬೇಗನೆ ಹಾದು ಮೊಟ್ಟೆಗಳನ್ನು ಫಲಿಸುತ್ತದೆಂದು ಜಪಾನಿನ ಸಂಶೋಧಕರು 1995ರಲ್ಲಿ ವರದಿ ಮಾಡಿದರು. ಗಾಜಿಗೆ ಅಂಟಿಸಿದ ಮೊಟ್ಟೆಗಳನ್ನು ತಂದೆತಾಯಿಗಳೇ ತಿನ್ನುವುದರಿಂದ ಬೆರಳಿನಿಂದ ಮೆಲ್ಲಗೆ ಉರುಳಿಸಿ ತೆಗೆದು, ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ಡಬ್ಬಿಯಲ್ಲಿ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಮತ್ತು ಬಾದಾಮಿ ಎಲೆಯ ಚೂರಿನೊಡನೆ ಇಡಬೇಕು. ಬಿಳಿಚಿಕೊಂಡ ಮೊಟ್ಟೆಗಳನ್ನು ದಿನವೂ ಆರಿಸಿ ತೆಗೆಯದಿದ್ದರೆ ಬೂಷ್ಟು ಉಳಿದವಕ್ಕೂ ಹರಡುತ್ತದೆ. ಮೂರರಿಂದ ಐದು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಹೊಟ್ಟೆಯ ಹಳದಿ ಕರಗಿದ ಮೇಲೆ ಮೈಕ್ರೋವರ್ಮ್ ಎಂಬ ಸೂಕ್ಷ್ಮ ಹುಳುಗಳನ್ನೂ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿಗಳನ್ನೂ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಮರಿಗಳನ್ನು ಬೇರೆಯವರಿಗೆ ಕೊಡುವಾಗ ಜಾತಿಯ ಹೆಸರಿನ ಜೊತೆಗೆ ತಂದೆತಾಯಿಗಳ ನದಿಯ ಹೆಸರನ್ನೂ, ಗೊತ್ತಿದ್ದರೆ ಸಿ ಸಂಖ್ಯೆಯನ್ನೂ ಚೀಲದ ಮೇಲೆ ಬರೆದು ಕೊಡಿ. ಅಡಾಲ್ಫೊಯ್ ಮತ್ತು ಡುಪ್ಲಿಕೇರಿಯಸ್‌ಗಳನ್ನು ಒಂದೇ ಟ್ಯಾಂಕಿನಲ್ಲಿಟ್ಟು ಮರಿ ತೆಗೆಯಬೇಡಿ. ಹಾಗೆ ಬೆರೆತು ಹುಟ್ಟಿದ ಮರಿಯ ಪಟ್ಟಿಯ ಅಗಲ ನೋಡಿ ಅದು ಯಾವುದೆಂದು ಮುಂದೆ ಯಾರಿಗೂ ಹೇಳಲಾಗುವುದಿಲ್ಲ.