ಆರು ಮಂದಿಯ ಕ್ಲಾಸಿನಲ್ಲಿ ಐಚ್ಛಿಕ ಇಂಗ್ಲಿಷ್ ಓದುವ ಕ್ರಮ

ಉಡುಪಿಯ ಸಣ್ಣದೊಂದು ಕಾಲೇಜಿನಲ್ಲಿ ನಾನು ಬಿ.ಎ.ಗೆ ಸೇರಿದಾಗ ಐಚ್ಛಿಕ ಇಂಗ್ಲಿಷ್, ಅಂದರೆ ಇಂಗ್ಲಿಷ್ ಸಾಹಿತ್ಯ, ತೆಗೆದುಕೊಂಡವರು ಒಟ್ಟು ಆರೇ ಮಂದಿ. ಕಾಮರ್ಸಿನವರಿಗೆ ಬೆಂಚು ಸಾಲುತ್ತಿರಲಿಲ್ಲ. ನಮಗೆ ಲೈಬ್ರರಿಯ ಹಿಂದಿನ ಕೋಣೆ, ಒಂದು ಉದ್ದದ ಮೇಜು. ಹೆಬ್ರಿ ಕಡೆಯ ಕನ್ನಡ ಮಾಧ್ಯಮದವಳು ನಾನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಏನಿದ್ದರೂ ಪರೀಕ್ಷೆಯ ದಿನಕ್ಕೆ. ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 4 ಬಂತು. ಈ ವರ್ಷ ಚಿಕ್ಕಮ್ಮನ ಮಗ ಅದೇ ವಿಷಯ ತೆಗೆದುಕೊಂಡಿದ್ದಾನೆ. "ಇದನ್ನು ಓದುವುದು ಹೇಗೆ ಮಾರಾಯ್ತಿ?" ಎಂದು ವಾರಕ್ಕೆರಡು ಸಲ ಫೋನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ.

ಮೊದಲು ಗೈಡಿನ ವಿಷಯ. ಬಿಸಾಡಿ ಎನ್ನುವುದಿಲ್ಲ, ನಾನೂ ಬಿಸಾಡಿರಲಿಲ್ಲ. ಆದರೆ ಅದನ್ನು ಕೊನೆಗೆ ತೆರೆಯಿರಿ. ನನ್ನ ಆ 4 ಅಂಕ ಗೈಡಿನ ಕೃಪೆ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ಸ್ (ಅದೊಂದು ಹಳದಿ ಹೂ) ಪದ್ಯಕ್ಕೆ "ಕವಿಯ ಪ್ರಕೃತಿ ಪ್ರೇಮ" ಎಂಬ ಒಂದೂವರೆ ಪುಟದ ಉತ್ತರ ಬಾಯಿಪಾಠ ಮಾಡಿದ್ದೆ. ಪ್ರಶ್ನೆ ಇದ್ದದ್ದು ಕೊನೆಯ ಸ್ಟ್ಯಾಂಜಾದಲ್ಲಿ, ಅಂದರೆ ಚರಣದಲ್ಲಿ, ಕವಿ ಎಲ್ಲಿದ್ದಾನೆ ಎಂದು. ಅವನು ಮನೆಯಲ್ಲಿ ಮಂಚದ ಮೇಲೆ ಒರಗಿದ್ದಾನೆ, ಅಷ್ಟೆ. ನಾನು ಅವನನ್ನು ಇನ್ನೂ ಹೂವಿನ ನಡುವೆಯೇ ನಿಲ್ಲಿಸಿದ್ದೆ.

ಪದ್ಯವನ್ನು ನಾಲ್ಕು ಸಲ ಓದಬೇಕು. ಮೊದಲ ಸಲ ಪೆನ್ನು ಮುಟ್ಟದೆ, ದೊಡ್ಡ ಸ್ವರದಲ್ಲಿ. ಅರ್ಥವಾಗದ ಶಬ್ದ ಬಂದರೆ ಬರಲಿ, ದಾಟಿ. ಎರಡನೆಯ ಸಲ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಇದೇ ಪದ್ಯದಲ್ಲಿ ಮಾಡಿ ನೋಡಿ: ಕಥೆ ಮೂರು ಸ್ಟ್ಯಾಂಜಾದವರೆಗೆ ಭೂತಕಾಲದಲ್ಲಿ ಸಾಗಿ ನಾಲ್ಕನೆಯದರಲ್ಲಿ ವರ್ತಮಾನಕ್ಕೆ ಹೊರಳುತ್ತದೆ. ಹೂ ನೋಡಿದ್ದು ಮುಗಿದ ಕಥೆ, ನೆನಪು ಮಾತ್ರ ಈಗಲೂ ನಡೆಯುತ್ತಾ ಉಂಟು. ಮೂರನೆಯ ಸಲ, ಮತ್ತೆ ಮತ್ತೆ ಬರುವ ಶಬ್ದ ಹುಡುಕಿ. ಕುಣಿತ ಎಂಬ ಶಬ್ದ ಒಂದಲ್ಲ ಒಂದು ರೂಪದಲ್ಲಿ ನಾಲ್ಕೂ ಸ್ಟ್ಯಾಂಜಾಗಳಲ್ಲಿದೆ: ಹೂ ಕುಣಿಯುತ್ತದೆ, ಅಲೆ ಕುಣಿಯುತ್ತದೆ, ಕೊನೆಗೆ ಕವಿಯ ಎದೆ ಕುಣಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಮೇಜಿನ ಮುಂದೆ ಕೂತು ಎಣಿಸಿದಾಗ ಸಿಕ್ಕಿತು. ಆ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನನಗೆ ಬೇಸರವಾಗಲಿಲ್ಲ. ನಾಲ್ಕನೆಯ ಸಲ ಓದಿ, ನಿಮ್ಮದೇ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ. ತಪ್ಪಿದ್ದರೂ ತೊಂದರೆಯಿಲ್ಲ.

ಇಷ್ಟಾದ ಮೇಲೆ ಹಿನ್ನೆಲೆ ಓದಿದರೆ ರುಚಿ ಹತ್ತುತ್ತದೆ. 1807ರಲ್ಲಿ ಮೊದಲು ಅಚ್ಚಾದ ಆ ಪದ್ಯದಲ್ಲಿ ಕವಿ ತಾನು ಒಂಟಿಯಾಗಿ ಅಲೆದೆ ಎನ್ನುತ್ತಾನೆ. ಅವನ ತಂಗಿ ಡೊರೊತಿಯ ದಿನಚರಿ ತೆಗೆಯಿರಿ: 1802ರ ಏಪ್ರಿಲ್ 15ರಂದು ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಆ ಹೂಗಳನ್ನು ನೋಡಿದ್ದು ಇಬ್ಬರೂ ಜೊತೆಯಲ್ಲಿ! ತಂಗಿಯನ್ನು ಪದ್ಯದಿಂದ ಹೊರಗಿಟ್ಟದ್ದು ಯಾಕೆ? ನಮ್ಮ ಆರು ಮಂದಿಯ ನಡುವೆ ಒಂದು ಇಡೀ ಪೀರಿಯಡ್ ಇದಕ್ಕೇ ಹೋಯಿತು. ಇನ್ನು, ಡ್ಯಾಫೊಡಿಲ್ ಕಂಡಿಲ್ಲವೆಂದು ಮಂಡೆ ಬಿಸಿ ಮಾಡಬೇಡಿ. ತುಳುವರ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಪದವಿನ, ಅಂದರೆ ಮುರಕಲ್ಲಿನ ಬಯಲಿನ, ತುಂಬ ಏಳುವ ನೇರಳೆ ಬಣ್ಣದ ಪುಟಾಣಿ ಹೂಗಳನ್ನು ನೋಡಿದ್ದರೆ ಸಾಕು.

ಮುಂದಿನದು ಕಿವಿಯ ಕೆಲಸ, ನಮ್ಮವರಿಗೆ ಕಷ್ಟದ್ದು. ಕನ್ನಡದ ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಎಣಿಸುವುದು ಒತ್ತನ್ನು, ಅಂದರೆ ಯಾವ ಉಚ್ಚಾರಾಂಶ ಜೋರಾಗಿ ಬೀಳುತ್ತದೆ ಎಂಬುದನ್ನು. ನಾವು 'ಹೋಟ್ಲು' ಎಂದು ಮೊದಲಕ್ಷರ ಎಳೆಯುತ್ತೇವೆ, ಅವರ ಒತ್ತು 'ಟೆಲ್' ಮೇಲೆ. ಇದೇ ಪದ್ಯದ ಸಾಲಿನಲ್ಲಿ ಸುಮಾರಾಗಿ ಎಂಟು ಉಚ್ಚಾರಾಂಶ, ನಾಲ್ಕು ಪೆಟ್ಟು. ನಾನು ಹಿರಿಯಡ್ಕದ ದಾರಿಯಲ್ಲಿ ಬಸ್ಸಿನ ಕಿಟಕಿಯ ಸರಳಿಗೆ ಬೆರಳು ಬಡಿದು ಕಲಿತೆ. ಯಕ್ಷಗಾನದ ಭಾಗವತಿಕೆ (ಹಾಡುಗಾರಿಕೆ) ಕಲಿಯುತ್ತಿದ್ದೀಯಾ ಎಂದು ಕಂಡಕ್ಟರ್ ಒಮ್ಮೆ ಕೇಳಿದ್ದರು. ಹೌದೆಂದೆ! ಬಡಿಯುತ್ತಾ ಹೋಗುವಾಗ ಎಲ್ಲಿ ತಾಳ ತಪ್ಪುತ್ತದೋ ಅಲ್ಲಿ ನಿಲ್ಲಿ. ಹೆಚ್ಚಿನ ಸಲ ಕವಿ ಬೇಕೆಂದೇ ತಪ್ಪಿಸಿರುತ್ತಾನೆ.

ನಾಟಕ ಓದುವುದಕ್ಕೆ ಯಕ್ಷಗಾನದ ತಾಳಮದ್ದಳೆಗಿಂತ ಒಳ್ಳೆಯ ಶಾಲೆ ನಾನು ಕಂಡಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ತನ್ನ ಪಾತ್ರದ ಪರವಾಗಿ ವಾದಿಸುತ್ತಾನೆ, ಎದುರಿನವ ಬಿಡುವುದಿಲ್ಲ. ನಾವು ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಹೀಗೇ ಓದಿದೆವು. ನನಗೆ ಗಂಡನನ್ನು ರಾಜನ ಕೊಲೆಗೆ ಹುರಿದುಂಬಿಸುವ ಲೇಡಿ ಮ್ಯಾಕ್‌ಬೆತ್, ಕಾರ್ಕಳದ ಹುಡುಗನೊಬ್ಬನಿಗೆ ಆ ಗಂಡನ ಗೆಳೆಯ ಬ್ಯಾಂಕೊ. ಕಟ್ಟುಪಾಡು ಒಂದೇ: ಮಾತಿಗೆ ನಾಟಕದ ಸಾಲು ತೋರಿಸಬೇಕು. ಅರ್ಥಧಾರಿಯಂತೆ ಬೇರೆ ಪುರಾಣದಿಂದ ತರುವ ಸ್ವಾತಂತ್ರ್ಯ ನಮಗಿರಲಿಲ್ಲ. ಲೇಡಿ ಮ್ಯಾಕ್‌ಬೆತ್‌ಳನ್ನು ಸಮರ್ಥಿಸಲು ಹೊರಟಾಗಲೇ ನನಗೆ ಕಂಡದ್ದು, ಮೂರನೆಯ ಅಂಕದ ಔತಣ ಮುಗಿದ ಮೇಲೆ ಆಕೆ ನಾಪತ್ತೆ. ಮತ್ತೆ ಕಾಣಿಸುವುದು ಐದನೆಯ ಅಂಕದಲ್ಲಿ, ನಿದ್ದೆಗಣ್ಣಿನಲ್ಲಿ ನಡೆಯುತ್ತಾ. ಅಷ್ಟು ಹೊತ್ತು ಪದ್ಯದಲ್ಲಿ ಆಳಿದವಳ ಬಾಯಲ್ಲಿ ಆಗ ಗದ್ಯ, ಅದೂ ಚೂರು ಚೂರು. ಬಸ್ಸಿನ ಸರಳಿಗೆ ಬಡಿದದ್ದು ಇಲ್ಲಿ ಉಪಯೋಗಕ್ಕೆ ಬಂತು.

ಡಿಕ್ಷನರಿಯಲ್ಲಿ ಅರ್ಥದ ಜೊತೆಗೆ ಶಬ್ದದ ಮೂಲವನ್ನೂ ನೋಡಿ. 'ನೈಸ್' ಎಂಬ ಶಬ್ದಕ್ಕೆ ಹಿಂದೆ ದಡ್ಡ ಎಂಬ ಅರ್ಥವಿತ್ತು. 'ಅರೆಕಾ' ಮಲಯಾಳದಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿಗೆ ಸೇರಿದ್ದು, ನಮ್ಮ ಅಡಿಕೆಯ ದಾಯಾದಿ. ತೋಟದಲ್ಲಿ ಅದನ್ನೇ ಹೆಕ್ಕಿ ಬೆಳೆದವಳಿಗೆ ಆ ಪುಟ ಕಂಡಾಗ ಇಂಗ್ಲಿಷಿನ ಹೆದರಿಕೆ ಅರ್ಧ ಇಳಿಯಿತು.

ಸಣ್ಣ ಕಾಲೇಜಿನಲ್ಲಿ ಅಡಗಿ ಕೂರಲು ಜಾಗವಿಲ್ಲ. ಓದದೆ ಬಂದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರಬಂಧ ಬರೆದು ಕೊಟ್ಟರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸಾಲು ಸಾಲು ತಿದ್ದುತ್ತಾರೆ. ಅರುವತ್ತು ಮಂದಿಯ ಕ್ಲಾಸಿನಲ್ಲಿ ಆ ಭಾಗ್ಯವಿಲ್ಲ. ಕೇಳದಿದ್ದರೂ ವಾರಕ್ಕೊಂದು ಪುಟ ಕೊಡಿ. ದೋಷವೂ ಉಂಟು: ಮೂರು ವರ್ಷ, ಆರು ಸೆಮಿಸ್ಟರ್, ಅದೇ ಇಬ್ಬರು ಅಧ್ಯಾಪಕರ ಅಭಿಪ್ರಾಯ. ನಾನು ಎಷ್ಟೋ ಸಮಯ ಅವರ ಮಾತನ್ನೇ ನನ್ನದೆಂದುಕೊಂಡಿದ್ದೆ. ಬೇರೆ ಕಾಲೇಜಿನ ಸೆಮಿನಾರು, ನಾಟಕ, ಏನಿದ್ದರೂ ಹೋಗಿ. ಊಟವೂ ಸಿಗುತ್ತದೆ.

ಹಳೆಯ ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹೊಸದಕ್ಕೆ ಲೈಬ್ರರಿಯೇ ಗತಿ, ಕಾಲೇಜು ಶುರುವಾದ ಮೊದಲ ವಾರವೇ ಪಟ್ಟಿ ಬರೆದು ಕೊಡಿ. ತಡವಾದರೆ ಹಣವೆಲ್ಲ ಕಾಮರ್ಸ್ ಪುಸ್ತಕಕ್ಕೆ ಹೋಗಿರುತ್ತದೆ. ನಮ್ಮ ಪಟ್ಟಿಗೆ ಆರು ಸಹಿ ಇತ್ತು, ಬಂದದ್ದು ಎರಡು ಪುಸ್ತಕ. ಚಿಕ್ಕಮ್ಮನ ಮಗನ ಕ್ಲಾಸಿನಲ್ಲಿ ಈಗ ಒಂಬತ್ತು ಮಂದಿ ಇದ್ದಾರಂತೆ.