ನಲ್ಲಿಯೊಳಗಿನ ಹಕ್ಕಿಯನ್ನು ಹುಡುಕೋದು ಹೇಗೆ?

ಮಗಳು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿದ್ದಾಳೆ. ಅಲ್ಲಿನ ಮನೆ ಓನರ್ ಡಚ್ಚಿನಲ್ಲಿ ಕಳಿಸಿದ ಮೆಸೇಜನ್ನು ಫೋನಿನ ಅನುವಾದಕ್ಕೆ ಹಾಕಿದೆ. 'ಅಡುಗೆಮನೆ ಕ್ರೇನ್ ನಾಳೆ ರಿಪೇರಿ' ಅಂತ ಬಂತು. ಕುವೆಂಪುನಗರದಲ್ಲಿ ಕೂತ ನನಗೆ ಗಾಬರಿ. ಅಡುಗೆಮನೆಯಲ್ಲಿ ಕ್ರೇನಾ? ಮೂಲದಲ್ಲಿದ್ದ ಪದ 'ಕ್ರಾನ್'. ಸೋರುತ್ತಿದ್ದದ್ದು ನಲ್ಲಿ, ಅಷ್ಟೇ.

ಇಂಥ ಪದ ಸಿಕ್ಕರೆ ಸುಮ್ನೆ ಬಿಡಬೇಡಿ. ಮೊದಲು ಅದಕ್ಕೆ ಅಂಟಿಕೊಂಡ ಪದಗಳನ್ನು ನೋಡಿ. ಕ್ರಾನ್‌ವಾಟರ್ ಅಂದರೆ ನಲ್ಲಿ ನೀರು. ಹೆಯ್ಸ್‌ಕ್ರಾನ್ ಅಂದರೆ ಭಾರ ಎತ್ತುವ ಯಂತ್ರ. ಕ್ರಾನ್‌ವೋಗೆಲ್ ಅಂದರೆ ಉದ್ದ ಕತ್ತಿನ ಒಂದು ಹಕ್ಕಿ. ವೋಗೆಲ್ ಅಂದರೇನೇ ಹಕ್ಕಿ! ಹಿಂದೆ ಬರೀ ಕ್ರಾನ್ ಅಂದರೂ ಹಕ್ಕಿಯೇ ಆಗಿತ್ತು. ಹೆಸರು ಕೊಟ್ಟ ಹಕ್ಕಿಯೇ ಈಗ 'ನಾನು ಹಕ್ಕಿ' ಅಂತ ಹೇಳಿಕೊಳ್ಳಬೇಕು, ಪಾಪ.

ಆಮೇಲೆ ನೆರೆಹೊರೆ ಭಾಷೆಗಳ ಬಾಗಿಲು ತಟ್ಟಿ. ಇಂಗ್ಲಿಷಿನ ಕ್ರೇನ್, ಫ್ರೆಂಚಿನ ಗ್ರೂ, ಹಳೇ ಗ್ರೀಕಿನ ಗೆರಾನೊಸ್. ಮೂರೂ ಹಕ್ಕಿಗೂ ಹೆಸರು, ಯಂತ್ರಕ್ಕೂ ಹೆಸರು. ಎಲ್ಲಕ್ಕೂ ಕಾರಣ ಆ ಉದ್ದ ಕತ್ತು. ನಲ್ಲಿಯ ಮೂತಿಯೂ ಹಾಗೇ ಬಗ್ಗಿರುತ್ತೆ, ಅಲ್ವಾ?

ಹಕ್ಕಿಗೆ ಆ ಹೆಸರು ಬಂದದ್ದು ಅದರ ಒರಟು ಕೂಗಿನಿಂದ. ಇಲ್ಲೇ ನಾನು ಎಡವಿದ್ದು. ಕ್ರೇನ್ ಅಂದರೆ ಕೊಕ್ಕರೆ ಅಂತ ನಂಬಿದ್ದೆ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹುಣಸೆಮರದ ಕೆಳಗೆ ಕಿವಿಗೊಟ್ಟು ನಿಂತೆ. ಮೇಲೆ ಬಣ್ಣದ ಕೊಕ್ಕರೆಗಳು ಕೊಕ್ಕಿಗೆ ಕೊಕ್ಕು ಬಡಿಯುತ್ತಿದ್ದವು, ತಟತಟ. ಕೂಗು ಮಾತ್ರ ಇಲ್ಲ. ಸೀರೆ ಮೇಲೆ ಹಿಕ್ಕೆ ಬಿತ್ತು. ಕೊಕ್ಕರೆಯ ಬಳಗವೇ ಬೇರೆ, ಡಚ್ಚರು ಅದನ್ನು ಓಯೆವಾರ್ ಅನ್ನುತ್ತಾರೆ. ಕ್ರಾನ್ ಸಾರಸದ ಬಳಗ. ಆದ್ದರಿಂದ ಹಕ್ಕಿ ಯಾವುದು ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಕೊನೆಗೆ ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಬಿಬ್ ಕಾಕ್, ಪಿಲ್ಲರ್ ಕಾಕ್ ಅಂತ ನಲ್ಲಿಗಳ ಹೆಸರು ದಿನಾ ಕೇಳುತ್ತೇವೆ. ಕಾಕ್ ಅಂದರೆ ಹುಂಜ. ಜರ್ಮನ್ನರ ಹಾನ್ ಕೂಡ ಹುಂಜವೂ ಹೌದು, ನಲ್ಲಿಯೂ ಹೌದು. ಮೊನ್ನೆ ನಮ್ಮ ಸಿಂಕಿಗೆ ಮೇಲಿಂದ ಬಗ್ಗಿದ ನಲ್ಲಿ ಬೇಕು ಅಂತ ಕೈಯಲ್ಲಿ ತೋರಿಸಿದೆ. ಅಂಗಡಿ ಹುಡುಗ ತಲೆ ಎತ್ತದೆ ಕೇಳಿದ, "ಸ್ವಾನ್ ನೆಕ್ಕಾ ಆಂಟಿ?"