ಪಲ್ಪಿಂಗ್ ಕಾಲದ ತೋಡು: ನೀರು ಅಳೆಯುವ, ಸರಿಪಡಿಸುವ ನಮ್ಮ ಕ್ರಮ

ಕಾಫಿ ಸೀಮೆಯ ತೋಡುಗಳು ವರ್ಷವಿಡೀ ಕೆಟ್ಟಿರುವುದಿಲ್ಲ. ಅರೇಬಿಕಾ ಹಣ್ಣು ಕೊಯ್ದು ಪಲ್ಪಿಂಗ್ (ಯಂತ್ರದಲ್ಲಿ ಸಿಪ್ಪೆ ಬಿಡಿಸಿ ತೊಳೆಯುವುದು) ನಡೆಯುವ ಡಿಸೆಂಬರ್, ಜನವರಿ ಹೊತ್ತಿಗೆ ಮಳೆಗಾಲದ ಹರಿವು ಇಳಿದು ತೋಡು ಸೊರಗಿರುತ್ತದೆ. ಅತಿ ಕೊಳೆ ನೀರು ಅತಿ ಕಡಿಮೆ ಹರಿವಿಗೆ ಸೇರುವ ಕಾಲ ಅದು. ಜುಲೈನ ಮಾದರಿಯನ್ನೂ ಸೇರಿಸಿ ವಾರ್ಷಿಕ ಸರಾಸರಿ ತೆಗೆದರೆ ಈ ಹಾನಿ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಸೋಮವಾರಪೇಟೆ ಕಡೆಯಿಂದ ಹಾರಂಗಿಗೆ ಇಳಿಯುವ ತೋಡುಗಳಲ್ಲಿ ನಾವು ಆ ವಾರಗಳನ್ನೇ ಹಿಡಿದು ಅಳೆಯುತ್ತೇವೆ. ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಇಲ್ಲಿ ಬಿಟ್ಟದ್ದು ಕೆಳಗಿನವರ ಪಾಲಿಗೆ ಹೋಗುತ್ತದೆ.

ಮೊದಲು ಅಳೆಯಬೇಕಾದದ್ದು ಹರಿವು. ಹರಿವು ಗೊತ್ತಿಲ್ಲದೆ ಕೊಳೆಯ ಸಾಂದ್ರತೆ ಮಾತ್ರ ಬರೆದಿಟ್ಟರೆ ಅದರಿಂದ ಏನೂ ತೀರ್ಮಾನಿಸಲಾಗದು. ನೆಟ್ಟಗೆ ಹರಿಯುವ 10 ಮೀಟರ್ ಉದ್ದದ ಜಾಗ ಹುಡುಕಿ, ಅಡ್ಡಲಾಗಿ ಹಗ್ಗ ಕಟ್ಟಿ, 20 ಸೆಂಟಿಮೀಟರಿಗೊಮ್ಮೆ ಆಳ ಅಳೆಯಿರಿ. ಅರ್ಧ ಮುಳುಗಿ ತೇಲುವ ಕಿತ್ತಳೆ ಹಣ್ಣೊಂದನ್ನು ಬಿಟ್ಟು ಸಮಯ ನೋಡಿ. ಅಗಲ 1.6 ಮೀಟರ್, ಸರಾಸರಿ ಆಳ 15 ಸೆಂಟಿಮೀಟರ್, ಹಣ್ಣು 10 ಮೀಟರ್ ದಾಟಲು 50 ಸೆಕೆಂಡ್ ಎಂದಿಟ್ಟುಕೊಳ್ಳಿ. ಮೇಲ್ಮೈ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ವೇಗವನ್ನು 0.85ರಿಂದ ಗುಣಿಸಬೇಕು. ಸೆಕೆಂಡಿಗೆ ಸುಮಾರು 41 ಲೀಟರ್, ದಿನಕ್ಕೆ 35 ಲಕ್ಷ ಲೀಟರ್ ಬರುತ್ತದೆ.

ಈಗ ಕೊಳೆಯ ಲೆಕ್ಕ. ಪಲ್ಪಿಂಗ್ ನೀರಿನ ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ) ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. 5,000 ಎಂದು ಹಿಡಿದರೂ 10,000 ಲೀಟರ್ ನೀರು 50 ಕಿಲೋ ಆಮ್ಲಜನಕ ಕೇಳುತ್ತದೆ. ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವಿರುವ ತೋಡಿನಲ್ಲಿ ಅಷ್ಟು ಸಿಗಬೇಕಾದರೆ 71 ಲಕ್ಷ ಲೀಟರ್ ನೀರು ಬೇಕು. ಎಂದರೆ ಒಂದು ತೊಟ್ಟಿ ನೀರು ಈ ತೋಡಿನ ಎರಡು ದಿನದ ಹರಿವಿನ ಉಸಿರನ್ನೇ ತೆಗೆಯಬಲ್ಲದು. ಬೆಳೆಗಾರರ ಮುಂದೆ ಕಾಯಿದೆಯ ಮಾತಿಗಿಂತ ಮೊದಲು ಈ ಲೆಕ್ಕ ಇಡುತ್ತೇವೆ. ಅವರವರ ಪಲ್ಪರಿನ ನೀರು, ಅವರವರ ತೋಡಿನ ಹರಿವು ಹಾಕಿ ಅಲ್ಲೇ ಗುಣಿಸಿ ತೋರಿಸಿದರೆ ಮಾತು ಬೇಗ ಮುಂದಕ್ಕೆ ಹೋಗುತ್ತದೆ.

ಕೊಳೆ ಎಲ್ಲಿ ಸೇರುತ್ತಿದೆ ಎಂದು ಹುಡುಕಲು ನೀರಿನ ವಿದ್ಯುತ್ ವಾಹಕತೆ ಅಳೆಯುವ ಇಸಿ ಮೀಟರ್ ಸಾಕು. ತೋಡಿನಲ್ಲೇ ಮೇಲಕ್ಕೆ ನಡೆಯುತ್ತ ನೂರು ಹೆಜ್ಜೆಗೊಮ್ಮೆ ಅದ್ದಿ ನೋಡಿ. ಮಲೆನಾಡಿನ ಶುದ್ಧ ತೋಡಿನ ನೀರಿನಲ್ಲಿ ಲವಣ ಬಹಳ ಕಡಿಮೆ, ಆದ್ದರಿಂದ ಪಕ್ಕದಿಂದ ಬಚ್ಚಲ ನೀರೋ ಪಲ್ಪಿಂಗ್ ನೀರೋ ಸೇರಿದ ಕಡೆ ಅಂಕಿ ತಟ್ಟನೆ ಏರುತ್ತದೆ. ಸೇರಿದ ನೀರು ಸ್ವಲ್ಪ ದೂರ ಒಂದೇ ದಡ ಹಿಡಿದು ಹರಿಯುತ್ತದೆ. ಎರಡೂ ದಡದಲ್ಲಿ ಅದ್ದದಿದ್ದರೆ ತಪ್ಪಿಹೋಗುತ್ತದೆ.

ಮಾದರಿಯ ಜಾಗ ಮತ್ತು ಹೊತ್ತು, ಎರಡೂ ಮುಖ್ಯ. ಕೊಳೆ ಬಿದ್ದ ಕೂಡಲೇ ಆಮ್ಲಜನಕ ಕುಸಿಯುವುದಿಲ್ಲ. ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತಾ ಹೋದಂತೆ ಇಳಿದು, ಕೆಳಗೆಲ್ಲೋ ತಳಮುಟ್ಟಿ, ಮತ್ತೆ ಏರುತ್ತದೆ. ಹಾಗಾಗಿ ಸೇರುವ ಜಾಗಕ್ಕೆ ಮೇಲೆ ಒಂದು, ಕೆಳಗೆ ಅರ್ಧ, ಒಂದು, ಎರಡು ಕಿಲೋಮೀಟರಿನಲ್ಲಿ ಒಂದೊಂದು ಮಾದರಿ ಬೇಕು. ಮೇಲಿನ ಲೆಕ್ಕದ ವೇಗದಲ್ಲಿ ನೀರು ಒಂದು ಕಿಲೋಮೀಟರ್ ಇಳಿಯಲು ಸುಮಾರು 100 ನಿಮಿಷ ಹಿಡಿಯುತ್ತದೆ. ತೊಟ್ಟಿ ತೊಳೆದ ಹೊತ್ತು ಕೇಳಿಕೊಂಡು ಅದಕ್ಕೆ ತಕ್ಕಂತೆ ನಿಲ್ಲಿ. ಮಧ್ಯಾಹ್ನ ಪಾಚಿ ಆಮ್ಲಜನಕ ಬಿಡುವುದರಿಂದ ಓದು ಚೆನ್ನಾಗಿ ಕಾಣುತ್ತದೆ. ಬೆಳಗಿನ ಜಾವದ ಓದೇ ನಂಬಿಕೆಗೆ ಅರ್ಹ.

ಆಮ್ಲಜನಕಕ್ಕೆ ಮೀಟರ್ ಇದ್ದರೂ ವಿಂಕ್ಲರ್ ವಿಧಾನವನ್ನು ಬಿಡಬೇಡಿ. 300 ಮಿಲಿ ಬಾಟಲಿಯನ್ನು ನೀರೊಳಗೆ ಮುಳುಗಿಸಿ, ಗುಳ್ಳೆ ಉಳಿಯದಂತೆ ಒಳಗೇ ಮುಚ್ಚಳ ಹಾಕಿ. ಮ್ಯಾಂಗನಸ್ ಸಲ್ಫೇಟ್ 2 ಮಿಲಿ, ಕ್ಷಾರ–ಅಯೊಡೈಡ್–ಅಝೈಡ್ 2 ಮಿಲಿ, ಪಿಪೆಟ್ಟಿನ ತುದಿ ನೀರೊಳಗೆ ಇರುವಂತೆ ಬಿಟ್ಟು ಬಾಟಲಿಯನ್ನು ತಲೆಕೆಳಗು ಮಾಡುತ್ತಾ ಬೆರೆಸಿ. ಕಂದು ಬಣ್ಣದ ಗಸಿ ಇಳಿದರೆ ಆಮ್ಲಜನಕ ಇದೆ. ಗಸಿ ಹಾಲಿನಂತೆ ಬೆಳ್ಳಗೇ ಉಳಿದರೆ ನೀರಿನಲ್ಲಿ ಆಮ್ಲಜನಕವೇ ಇಲ್ಲ. ತೋಡಿನ ದಡದಲ್ಲೇ, ಯಾವ ಅಂಕಿಯೂ ಇಲ್ಲದೆ, ನಿಂತವರಿಗೆಲ್ಲ ಅದು ಕಾಣುತ್ತದೆ. ಗಸಿ ಅರ್ಧಕ್ಕೆ ಇಳಿದ ಮೇಲೆ 2 ಮಿಲಿ ಸಾಂದ್ರ ಗಂಧಕಾಮ್ಲ ಹಾಕಿ ಕರಗಿಸಿ, 203 ಮಿಲಿ ಅಳೆದು, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ತೊಟ್ಟಿಕ್ಕಿಸಿ. ತಿಳಿ ಹುಲ್ಲು ಬಣ್ಣಕ್ಕೆ ಬಂದಾಗ ಪಿಷ್ಟ ಹಾಕಿ. ನೀಲಿ ಮಾಯವಾಗುವವರೆಗೆ ಒಟ್ಟು ಎಷ್ಟು ಮಿಲಿ ಹಿಡಿಯಿತೋ ಅಷ್ಟೇ ಲೀಟರಿಗೆ ಮಿಲಿಗ್ರಾಂ ಆಮ್ಲಜನಕ. ಥಯೋಸಲ್ಫೇಟ್ ಇಟ್ಟಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಆಗ ಓದು ಇರುವುದಕ್ಕಿಂತ ಹೆಚ್ಚು ಬರುತ್ತದೆ. ಪ್ರತಿ ಸುತ್ತಿಗೆ ಮೊದಲು ಅದನ್ನು ಪೊಟ್ಯಾಸಿಯಂ ಅಯೊಡೇಟ್‌ನಿಂದ ಪರೀಕ್ಷಿಸಿ. ಪಲ್ಪಿಂಗ್ ನೀರನ್ನೇ ನೇರ ಹೀಗೆ ಅಳೆಯಬೇಡಿ: ಅದರ ಸಾವಯವ ಪದಾರ್ಥಗಳು ಅಯೋಡಿನ್ ನುಂಗಿ ಫಲಿತಾಂಶ ಕೆಡಿಸುತ್ತವೆ. ಮೀಟರ್ ಬಳಸುವವರು ಅದರಲ್ಲಿ ಊರಿನ ಎತ್ತರ ಹಾಕಲೇಬೇಕು. 1,000 ಮೀಟರ್ ಎತ್ತರದಲ್ಲಿ 20 ಡಿಗ್ರಿಯ ನೀರು ತುಂಬಿಕೊಳ್ಳುವುದು 8 ಮಿಲಿಗ್ರಾಂ ಚಿಲ್ಲರೆ ಮಾತ್ರ, ಸಮುದ್ರಮಟ್ಟದಲ್ಲಾದರೆ 9.

ಬಿಒಡಿ ಮಾದರಿ ಐಸಿನಲ್ಲಿ ಅದೇ ದಿನ ಪ್ರಯೋಗಾಲಯಕ್ಕೆ ಹೋಗಬೇಕು. ನಮ್ಮಲ್ಲಿ ಅದು 27 ಡಿಗ್ರಿಯಲ್ಲಿ ಮೂರು ದಿನದ ಪರೀಕ್ಷೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಯೋಗ್ಯ ನೀರಿಗೆ ಬಿಒಡಿ 3ರೊಳಗೆ, ಆಮ್ಲಜನಕ 5ಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಕಲ್ಲು ಮಗುಚಿ ನೋಡುವುದೂ ಒಂದು ಅಳತೆಯೇ. ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳು ಕಲ್ಲಿನಡಿ ಅಂಟಿಕೊಂಡಿದ್ದರೆ ಕಳೆದ ಕೆಲವು ವಾರ ನೀರು ಚೆನ್ನಾಗಿತ್ತು. ಕೆಂಪು ಹುಳುಗಳೇ ತುಂಬಿದ್ದರೆ ನೀರು ಕೆಟ್ಟಿತ್ತು, ಹಗಲಿನ ಓದು ಏನೇ ಹೇಳಲಿ; ರಾತ್ರಿ ಯಾರೋ ಕೊಳೆ ನೀರು ಬಿಡುತ್ತಿರಬಹುದು.

ಸರಿಪಡಿಸುವ ಕೆಲಸ ಪಲ್ಪರಿನ ಬುಡದಲ್ಲೇ ಶುರುವಾಗಬೇಕು. ತೋಡಿಗೆ ಸುರಿಯಲೆಂದು ಮಾರುವ ಬ್ಯಾಕ್ಟೀರಿಯಾ ಪುಡಿಗಳಿಂದ ಹರಿಯುವ ನೀರಿನಲ್ಲಿ ಏನೂ ಆಗದು. ಕೆಲಸ ಮಾಡುವ ಮೊದಲೇ ಅವು ಕೊಚ್ಚಿಹೋಗಿರುತ್ತವೆ. ಮೊದಲ ಹೆಜ್ಜೆ, ಸಿಪ್ಪೆಯನ್ನು ನೀರಿನಲ್ಲಿ ಸಾಗಿಸುವುದನ್ನು ನಿಲ್ಲಿಸುವುದು. ಸಿಪ್ಪೆ ನೀರಿನಲ್ಲಿದ್ದಷ್ಟು ಹೊತ್ತೂ ಅದರ ಸಕ್ಕರೆ ಕರಗುತ್ತದೆ. ಪಲ್ಪಿಂಗ್ ನೀರನ್ನು ಜಾಲರಿಯಲ್ಲಿ ಸೋಸಿ ಅದೇ ದಿನ ಮರುಬಳಕೆ ಮಾಡಬಹುದು. ಮರುದಿನಕ್ಕೆ ಉಳಿಸಬಾರದು, ಹುಳಿತ ನೀರಿನ ವಾಸನೆ ಬೀಜಕ್ಕೆ ಹಿಡಿಯುತ್ತದೆ. ಕೊನೆಯ ತೊಳೆತಕ್ಕೆ ಹೊಸ ನೀರೇ ಆಗಬೇಕು.

ಉಳಿದ ನೀರನ್ನು ಮೊದಲ ತೊಟ್ಟಿಯಲ್ಲಿ ಹುಳಿಯಲು ಬಿಡುತ್ತೇವೆ. ಪಿಎಚ್ 4ರ ಆಸುಪಾಸಿಗೆ ಇಳಿದಾಗ ಅಂಟಿನ ಪೆಕ್ಟಿನ್ ಗಟ್ಟಿಯಾಗಿ ಕೆನೆಗಟ್ಟಿ ತೇಲುತ್ತದೆ. ಅದನ್ನು ತೆಗೆದ ಮೇಲೆಯೇ ಸುಣ್ಣ. ಪ್ರಮಾಣವನ್ನು ಅಂದಾಜಿನಲ್ಲಿ ಹಾಕಬಾರದು: ಐದು ಬಾಟಲಿಗಳಲ್ಲಿ ಒಂದೊಂದು ಲೀಟರ್ ತೆಗೆದು, ಅರಳಿಸಿದ ಸುಣ್ಣದ ಪುಡಿಯನ್ನು ಅರ್ಧ, ಒಂದು, ಒಂದೂವರೆ, ಎರಡು, ಮೂರು ಗ್ರಾಂ ಹಾಕಿ ಹತ್ತು ನಿಮಿಷ ಕಲಕಿ ಪಿಎಚ್ ನೋಡಿ. 7 ತೋರಿಸಿದ ಬಾಟಲಿಯ ಪ್ರಮಾಣವೇ ತೊಟ್ಟಿಗೆ. ಲೀಟರಿಗೆ ಒಂದು ಗ್ರಾಂ ಎಂದರೆ 10,000 ಲೀಟರಿಗೆ 10 ಕಿಲೋ. ನೀರು ಕಡುಹಸಿರಾಗಿ ಕಪ್ಪಾಗುವುದು ಪಾಲಿಫಿನಾಲ್‌ಗಳಿಂದ, ಗಾಬರಿ ಬೇಡ. ಇಲ್ಲಿಂದ ನೀರು ಶೀಟ್ ಹಾಸಿದ ಲಗೂನಿಗೆ, ಎಂದರೆ ಗಾಳಿಯಿಲ್ಲದೆ ಜೀವಿಗಳು ಕೊಳೆಯನ್ನು ಮೀಥೇನ್ ಮಾಡಿ ಕಳೆಯುವ ಹೊಂಡಕ್ಕೆ, ಗೋಬರ್ ಗ್ಯಾಸ್ ಬಗ್ಗಡವನ್ನು ಹೆಪ್ಪಿನಂತೆ ಬೆರೆಸಿ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಮೀಥೇನ್ ಮಾಡುವ ಜೀವಿಗಳು ನಿಂತು ಹುಳಿ ನಾತ ಬರುತ್ತದೆ. ಆಗ ಹೊಸ ನೀರು ಬಿಡುವುದನ್ನು ನಿಲ್ಲಿಸಿ, ಸುಣ್ಣ ಕೊಟ್ಟು ಕಾಯಬೇಕು. ಶೀಟ್ ಇಲ್ಲದ ಲಗೂನು ಖಾಲಿಯಾಗುತ್ತಾ ಇದ್ದರೆ ಸಂತೋಷಪಡುವಂತಿಲ್ಲ, ನೀರು ಬಾವಿಗೆ ಇಳಿಯುತ್ತಿದೆ ಎಂದರ್ಥ.

ಸಾಮಾನ್ಯ ಮಾನದಂಡದ ಪ್ರಕಾರ ನೆಲಕ್ಕೆ ಹಾಯಿಸುವ ನೀರಿನ ಬಿಒಡಿ 100, ಹೊಳೆಗೆ ಬಿಡುವುದು 30 ದಾಟಬಾರದು. 30ಕ್ಕೆ ಇಳಿಸುವುದು ತೋಟದ ಮಟ್ಟದಲ್ಲಿ ಕಷ್ಟ, ಆದ್ದರಿಂದ ಸಂಸ್ಕರಿಸಿದ ನೀರನ್ನು ತೋಡಿನಿಂದ ದೂರ, ತೋಟಕ್ಕೇ ಹಾಯಿಸಿ ಎನ್ನುತ್ತೇವೆ.

ತೋಡಿನ ಪಕ್ಕದ ಹೋಂಸ್ಟೇಗಳದು ಬೇರೆ ಸಮಸ್ಯೆ. ಎಚ್‌2ಎಸ್ ಬಾಟಲಿಗೆ (ಮಲದ ಬ್ಯಾಕ್ಟೀರಿಯಾ ಪತ್ತೆಯ ಸರಳ ಪರೀಕ್ಷೆ) ತುಂಬಿದ ತೋಡಿನ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ನೀರು ಸೇರಿದೆ ಎಂಬ ಶಂಕೆಗೆ ಆಧಾರ ಸಿಕ್ಕಂತೆ. ಕೋಲಿಫಾರ್ಮ್ ಎಣಿಕೆಗೆ ಪ್ರಯೋಗಾಲಯಕ್ಕೆ ಕಳಿಸಿ. ಸೆಪ್ಟಿಕ್ ಟ್ಯಾಂಕಿನ ನಂತರ ತಲೆಗೆ ಎರಡು ಚದರ ಮೀಟರಿನಂತೆ, 60 ಸೆಂಟಿಮೀಟರ್ ಆಳದ ಜಲ್ಲಿ ಪಾತಿ ಮಾಡಿ ಜೊಂಡು, ಕಾಬಾಳೆ ನೆಡಬಹುದು. ಅಡುಗೆಮನೆಯ ಜಿಡ್ಡು ತಡೆಯುವ ಗುಂಡಿ ಇಲ್ಲದಿದ್ದರೆ ಜಲ್ಲಿ ಕಟ್ಟಿಕೊಳ್ಳುತ್ತದೆ.

ಕಡೆಯದಾಗಿ ಹೂಮಳೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿಗೆಂದು ಎಲ್ಲರೂ ಕಾಯುವ ಆ ಮಳೆಗೆ ತೋಡಿನ ಪಕ್ಕ ರಾಶಿ ಹಾಕಿದ ಸಿಪ್ಪೆಯ ಕಪ್ಪು ರಸ ನೇರ ನೀರಿಗೆ ಇಳಿಯುತ್ತದೆ. ಪಲ್ಪಿಂಗ್ ಮುಗಿದ ಮೇಲೂ ಮೀನು ಸಾಯುವುದನ್ನು ಕಂಡರೆ ಮೊದಲು ಇದನ್ನೇ ಹುಡುಕಿ. ಸಿಪ್ಪೆ ರಾಶಿ ಎತ್ತರದ ಜಾಗದಲ್ಲಿ, ಸುತ್ತ ಬದು ಹಾಕಿ, ಸೆಗಣಿ ಬೆರೆಸಿ, ಟಾರ್ಪಾಲ್ ಮುಚ್ಚಿರಬೇಕು. ಲಗೂನಿನ ಮಟ್ಟವನ್ನೂ ಫೆಬ್ರುವರಿ ಮುಗಿಯುವುದರೊಳಗೆ ದಂಡೆಯಿಂದ ಕನಿಷ್ಠ ಅರ್ಧ ಮೀಟರ್ ಕೆಳಗಿಳಿಸಿಟ್ಟುಕೊಳ್ಳಿ.